ಸಮುದ್ರ ಎಷ್ಟು ದೂರ

ತಂಗಿ ವಿಮಾನ ಹತ್ತುತ್ತಾಳೆ ಎಂಬ ಸುದ್ದಿ ದ್ರಾಕ್ಷಾಯಣಮ್ಮನಿಗೆ ತಲುಪಿದ್ದು ಹೂ ಮಾರುವ ಗಂಗಕ್ಕನ ಬಾಯಿಂದ.

“ಅಲ್ಲ ಕಣವ್ವಾ, ನಿಮ್ ತಂಗಿಯೋರು ಇಟಲಿಗೆ ಹೊಂಟವ್ರಂತೆ? ಕಿಬ್ಬನಹಳ್ಳಿ ಕ್ರಾಸ್ನಾಗೆ ಎಲ್ಲಾ ಅದನ್ನೇ ಮಾತಾಡ್ತಾವ್ರೆ. ನಿಮಗೆ ಗೊತ್ತಿಲ್ವಾ?” ಎಂದು ಗಂಗಕ್ಕ ಮೊಳ ಹಾಕುತ್ತಲೇ ಕೇಳಿದಳು.

“ಗೊತ್ತಿಲ್ದೆ ಏನು? ನನಗೇ ಮೊದ್ಲು ಹೇಳಿದ್ದು” ಎಂದು ದ್ರಾಕ್ಷಾಯಣಮ್ಮ ಸುಳ್ಳಾಡಿದಳು. ಕೊಂಡ ಹೂವನ್ನು ಮುಡಿಯಲಿಲ್ಲ. ಒಳಗೆ ತಂದು ದೇವರ ಗೂಡಿನ ಮುಂದೆ ಇಟ್ಟು, ನಡುಮನೆಯ ತೂಗುಮಂಚದ ಮೇಲೆ ಕೂತವಳಿಗೆ ಒಲೆಯ ಮೇಲೆ ಹಾಲಿಟ್ಟಿದ್ದೇ ಮರೆತುಹೋಯಿತು. ಹಾಲು ಉಕ್ಕಿ, ಸೀದ ವಾಸನೆ ಮೂಗಿಗೆ ಬಡಿದಾಗಲೇ ಎದ್ದದ್ದು.

ಸುದ್ದಿ ನಿಜವಾಗಿತ್ತು. ಕಲ್ಲಮ್ಮನ ಗಂಡ ಶಂಭುಲಿಂಗಯ್ಯ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಪಂಪ್‌ಸೆಟ್ಟು, ಡೀಸೆಲ್ ಎಂಜಿನ್ನುಗಳ ಅಂಗಡಿ ಇಟ್ಟಿದ್ದ. ತೆಂಗಿನ ತೋಟಗಳಿಗೆಲ್ಲ ಬಾವಿ ತೋಡಿಸುವ ಕಾಲ ಅದು, ಎಂಬತ್ತಮೂರನೆಯ ಇಸವಿ. ಎಂಜಿನ್ ಕೆಟ್ಟಿತೆಂದು ಯಾರಾದರೂ ಹೇಳಿಕಳಿಸಿದರೆ ಕಂದಿಕೆರೆಯಾಗಲಿ ಹಂದನಕೆರೆಯಾಗಲಿ, ಸ್ಪ್ಯಾನರು ಚೀಲ ಹೆಗಲಿಗೆ ಹಾಕಿಕೊಂಡು ಅವನೇ ಹೋಗುತ್ತಿದ್ದ. ಹಾಗಾಗಿ ರೈತರು ಅವನನ್ನು ಬಿಟ್ಟು ಬೇರೆಯವರ ಹತ್ತಿರ ಕೊಳ್ಳುತ್ತಿರಲಿಲ್ಲ. ಅವನಿಗೆ ಎಂಜಿನ್ ಕೊಡುತ್ತಿದ್ದ ಬೊಂಬಾಯಿಯ ಕಂಪನಿ ಇಟಲಿಯವರ ಜೊತೆ ಕೂಡಿ ನಡೆಯುತ್ತಿತ್ತು. ಆ ವರ್ಷ ಚೆನ್ನಾಗಿ ವ್ಯಾಪಾರ ಮಾಡಿದ ಕೆಲವು ಡೀಲರುಗಳನ್ನು ಹೆಂಡತಿಯರ ಸಮೇತ ಕರೆದುಕೊಂಡು ಹೋಗಿ, ಕಾರ್ಖಾನೆ ತೋರಿಸಿ, ಆಮೇಲೆ ಸಿಸಿಲಿ ಎಂಬ ದ್ವೀಪದ ಸಮುದ್ರ ತೀರದಲ್ಲಿ ಒಂದು ವಾರ ಇರಿಸುವುದೆಂದು ಕಂಪನಿ ತೀರ್ಮಾನಿಸಿತ್ತು. ಖರ್ಚೆಲ್ಲ ಅವರದೇ.

ಸಿಸಿಲಿ ಎಲ್ಲಿದೆ ಎನ್ನುವುದು ಕಲ್ಲಮ್ಮನಿಗೆ ಗೊತ್ತಿರಲಿಲ್ಲ. ದ್ರಾಕ್ಷಾಯಣಮ್ಮನಿಗೆ ಗೊತ್ತಿತ್ತು. ತುಮಕೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುವಾಗ ಮೆಡಿಟರೇನಿಯನ್ ಸಮುದ್ರಕ್ಕೆ ನೀಲಿ ಪೆನ್ಸಿಲ್ ಹಚ್ಚಿ, ನಡುವಿನ ಈ ದ್ವೀಪವನ್ನು ಬಣ್ಣ ತಾಗದಂತೆ ಬಿಟ್ಟಿದ್ದಳು. ಮೇಷ್ಟ್ರು ಆ ನಕ್ಷೆಯನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿದ್ದರು. ಆ ವೇಳೆಗೆ ಕಲ್ಲಮ್ಮ ಊರಲ್ಲಿ ಸಗಣಿ ಬಾಚುತ್ತಿದ್ದಳು. ತಾಯಿ ಹಾಸಿಗೆ ಹಿಡಿದಾಗ ಇಬ್ಬರಲ್ಲಿ ಒಬ್ಬಳು ಸ್ಕೂಲು ಬಿಡಬೇಕಾಗಿ ಬಂದು, ಬುದ್ಧಿ ಕಮ್ಮಿ ಎನಿಸಿಕೊಂಡಿದ್ದ ಚಿಕ್ಕವಳನ್ನು ಬಿಡಿಸಿದ್ದರು.

ಇದಾದರೂ ಹೋಗಲಿ. ದ್ರಾಕ್ಷಾಯಣಮ್ಮನನ್ನು ಒಳಗೊಳಗೇ ತಿನ್ನುತ್ತಿದ್ದುದು ಬೇರೆ. ಶಂಭುಲಿಂಗಯ್ಯ ಮೊದಲು ಹೆಣ್ಣು ನೋಡಲು ಬಂದದ್ದು ಅವಳನ್ನೇ. ಆಗವನು ಇನ್ನೊಬ್ಬರ ಶೆಡ್ಡಿನಲ್ಲಿ ಮೆಕ್ಯಾನಿಕ್ಕು. ಬಿಳಿ ಪಂಚೆ, ಇಸ್ತ್ರಿ ಅಂಗಿ, ಹಣೆ ತುಂಬ ವಿಭೂತಿ ಎಲ್ಲ ಇದ್ದರೂ ಕಾಫಿ ಲೋಟ ಹಿಡಿದ ಬೆರಳುಗಳ ಉಗುರಿನ ಸಂದಿಯಲ್ಲಿ ಗ್ರೀಸು ಕರ್ರಗೆ ಕೂತಿತ್ತು. “ಎಣ್ಣೆ ಕೈಯವನು ನನಗೆ ಬೇಡ” ಎಂದು ಅವಳು ಅಪ್ಪನಿಗೆ ಹೇಳಿಬಿಟ್ಟಳು. ಅವಳಿಗೆ ತಿಪಟೂರಿನ ಕೊಬ್ಬರಿ ಮಂಡಿಯ ತೋಂಟದಾರ್ಯ ಸಿಕ್ಕ. ಬೇಡ ಎಂದ ಗಂಡು ಮರುವರ್ಷ ತಂಗಿಯನ್ನು ಕಟ್ಟಿಕೊಂಡ.

ತೋಂಟದಾರ್ಯ ಕೆಟ್ಟವನಲ್ಲ. ಕುಡಿತವಿಲ್ಲ, ಜೂಜಿಲ್ಲ, ಒಂದು ದಿನ ಗದರಿಸಿದವನಲ್ಲ. ಆದರೆ ಹರಾಜಿನ ದಿನ ಮಂಡಿ, ಹರಾಜಿಲ್ಲದ ದಿನ ಹರಾಜಿನ ಮಾತು. ಒಮ್ಮೆ ಸಮುದ್ರ ನೋಡಬೇಕೆಂದು ಮದುವೆಯಾದ ಹೊಸದರಲ್ಲಿ ಅವಳು ಕೇಳಿದ್ದಳು. “ಈ ಸೀಸನ್ ಮುಗೀಲಿ ಕಣೇ” ಎಂದಿದ್ದ. ಮಕ್ಕಳು ಹುಟ್ಟಿ, ಮೀಸೆ ಬಂದು, ಹಾಸ್ಟೆಲು ಸೇರಿದರೂ ಆ ಸೀಸನ್ನು ಮುಗಿದಿರಲಿಲ್ಲ.

ಮರುದಿನ ಕಲ್ಲಮ್ಮ ತಾನೇ ಬಂದಳು. ಬಸ್ಸಿನ ಧೂಳು ಮುಖದ ಮೇಲಿತ್ತು. ಸೀರೆಯ ಸೆರಗಿನಲ್ಲಿ ಸುತ್ತಿ, ಮಗು ಎತ್ತಿಕೊಂಡ ಹಾಗೆ ಒಂದು ಬಣ್ಣದ ಪುಸ್ತಕ ಹಿಡಿದುಕೊಂಡಿದ್ದಳು.

“ನೀನೇ ಓದಿ ಹೇಳ್ಬೇಕು ಅಕ್ಕ. ಅಲ್ಲಿ ಉಳ್ಕೊಳ್ಳಾಕೆ ಎರಡು ಜಾಗ ಐತಂತೆ. ಯಾವ್ದು ಬೇಕೋ ಅದನ್ನ ನಾವೇ ಆರಿಸಿ ಬರೀಬೇಕಂತೆ. ನಮ್ಮನೆಯೋರು ‘ನಿಮ್ಮಕ್ಕನ್ನ ಕೇಳು, ಅವರು ಹೇಳಿದ ಕಡೆ ಇರೋಣ’ ಅಂದ್ರು.”

“ಹೂ ಮಾರೋಳಿಗೆ ಹೇಳೋಕೆ ಮುಂಚೆ ಬಂದಿದ್ರೆ ಚೆನ್ನಾಗಿತ್ತು” ಎಂದಳು ದ್ರಾಕ್ಷಾಯಣಮ್ಮ.

“ಅಯ್ಯೋ, ನಾನೆಲ್ಲಿ ಹೇಳ್ದೆ? ಇವರು ಅಂಗಡೀಲಿ ಯಾರ್ಗೋ ಬಾಯಿಬಿಟ್ರು. ನಿನಗೆ ನಾನೇ ಬಂದು ಹೇಳ್ಬೇಕು ಅಂತ ಇದ್ದೆ ಕಣಕ್ಕ.”

ಇಬ್ಬರೂ ತೂಗುಮಂಚದ ಮೇಲೆ ಕೂತರು. ಪುಸ್ತಕ ತೆರೆದರೆ ಮೊದಲ ಪುಟದಲ್ಲೇ ನೀಲಿ. ನಕ್ಷೆಗೆ ಹಚ್ಚಿದ ನೀಲಿ ಇದರ ಮುಂದೆ ತೊಳೆದು ತೊಳೆದು ಬಣ್ಣ ಹೋದ ಬಟ್ಟೆಯ ಹಾಗೆ ಕಂಡಿತು. ಒಂದು ಜಾಗ ಮರಳಿನ ಮೇಲೇ ಕಟ್ಟಿದ ದೊಡ್ಡ ಹೋಟೆಲು. ರೂಮಿಗೊಂದು ಬಾಲ್ಕನಿ, ಕೆಳಗೆ ಸಾಲಾಗಿ ಬಟ್ಟೆಯ ಕೊಡೆಗಳು. ಇನ್ನೊಂದು ಗುಡ್ಡದ ಮೇಲಿನ ಹಳ್ಳಿಮನೆ. ಕಲ್ಲಿನ ಗೋಡೆ, ನಿಂಬೆ ಗಿಡಗಳು, ಅಡುಗೆ ಮಾಡಿಕೊಳ್ಳಲು ಒಲೆ, ಪಾತ್ರೆ. ದ್ರಾಕ್ಷಾಯಣಮ್ಮ ಮನಸ್ಸಿನಲ್ಲೇ ಓದಿಕೊಂಡಳು. ಎಷ್ಟೋ ವರ್ಷದ ಮೇಲೆ ಇಂಗ್ಲಿಷು ಓದುತ್ತಿದ್ದರೂ ಎಲ್ಲೂ ತಡೆಯಲಿಲ್ಲ. ಹೋಟೆಲಿನವರು ಕೇಳಿದರೆ ಸಸ್ಯಾಹಾರ ಮಾಡಿಕೊಡುತ್ತಾರೆ ಎಂದಿತ್ತು. ಗುಡ್ಡದ ಮನೆಯಿಂದ ಸಮುದ್ರ ತೀರಕ್ಕೆ ಏಳು ಕಿಲೋಮೀಟರು ಇಳಿಜಾರು ದಾರಿ, ಬಸ್ಸು ಅಪರೂಪ, ನಡೆಯಬಲ್ಲವರಿಗೆ ಮಾತ್ರ ಸೂಕ್ತ ಎಂದೂ ಇತ್ತು.

ಕಲ್ಲಮ್ಮ ಹೋಟೆಲಿನ ಬಾಲ್ಕನಿಯ ಮೇಲೆ ಬೆರಳಿಟ್ಟು ಕೇಳಿದಳು: “ಇಲ್ಲಿ ಮಲಗಿದ್ರೆ ಅಲೆ ಸದ್ದು ಕೇಳ್ತದಾ ಅಕ್ಕ? ನನಗೆ ಬೇರೆ ಏನೂ ಬೇಡ. ರೇಡಿಯೋದಾಗೆ ಒಂದ್ಸಲ ಆ ಸದ್ದು ಕೇಳಿದ್ದೆ. ಅದನ್ನ ಕೇಳ್ಕಂಡು ನಿದ್ದೆ ಮಾಡ್ಬೇಕು, ಬೆಳಿಗ್ಗೆ ಎದ್ದು ನೀರಾಗೆ ಕಾಲಿಡ್ಬೇಕು. ಅಷ್ಟೇಯ.”

ಆ ‘ಅಷ್ಟೇಯ’ ದ್ರಾಕ್ಷಾಯಣಮ್ಮನ ಎದೆಗೆ ಚುಚ್ಚಿತು. ತಾನು ಗಂಡನನ್ನು ಕೇಳಿದ್ದೂ ಅಷ್ಟೇ ತಾನೆ? ಇವಳಿಗೆ ಕೇಳದೆಯೇ ಸಿಗುತ್ತಿದೆ. ಅದೂ ಯಾರಿಂದ?

“ಹೋಟ್ಲು ಬೇಡ ಕಣೇ” ಎಂದಳು. ತನ್ನ ದನಿ ಅಷ್ಟು ಸಮಾಧಾನವಾಗಿ ಹೊರಟದ್ದು ಅವಳಿಗೇ ಆಶ್ಚರ್ಯ. “ಅಲ್ಲಿ ಮೀನು ಮಾಂಸ ಎಲ್ಲಾ ಒಂದೇ ಪಾತ್ರೇಲಿ ಬೇಯಿಸ್ತಾರೆ. ಲಿಂಗ ಕಟ್ಟಿದೋರು ಅಲ್ಲಿ ನೀರೂ ಮುಟ್ಟೋ ಹಂಗಿಲ್ಲ. ಈ ಮನೆ ನೋಡು, ನಿನ್ ಅಡುಗೆ ನೀನೇ ಮಾಡ್ಕಬಹುದು.”

“ಸಮುದ್ರ?”

“ಮಗ್ಗುಲಲ್ಲೇ ಐತೆ. ಗುಡ್ಡ ಇಳಿದ್ರೆ ನೀರು.”

ಕಲ್ಲಮ್ಮನಿಗೆ ಬಲಮೊಣಕಾಲು ಸರಿಯಿರಲಿಲ್ಲ. ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದಾಗಿನಿಂದ ಮೂರು ಮೆಟ್ಟಿಲು ಹತ್ತಿದರೆ ನಿಂತು ಉಸಿರು ಬಿಡುತ್ತಿದ್ದಳು. ಅದು ನೆನಪಿಗೆ ಬರಲಿಲ್ಲವೆಂದಲ್ಲ, ದ್ರಾಕ್ಷಾಯಣಮ್ಮನಿಗೆ ಚೆನ್ನಾಗಿ ನೆನಪಿಗೆ ಬಂತು. ಪೆನ್ನು ತಂದು ಗುಡ್ಡದ ಮನೆಯ ಚಿತ್ರದ ಕೆಳಗೆ ತಾನೇ ಗುರುತು ಹಾಕಿಕೊಟ್ಟಳು. ಕಲ್ಲಮ್ಮ ಅಕ್ಕನ ಕೈಯನ್ನು ಕಣ್ಣಿಗೊತ್ತಿಕೊಂಡು, ಉಪ್ಪಿಟ್ಟು ತಿಂದು, ಸಂತೋಷವಾಗಿ ಬಸ್ಸು ಹತ್ತಿದಳು.

ಆಮೇಲಿನ ದಿನಗಳಲ್ಲಿ ದ್ರಾಕ್ಷಾಯಣಮ್ಮನಿಗೆ ಒಂದು ವಿಚಿತ್ರ ಹುರುಪು ಬಂತು. ಅಟ್ಟದ ಮೇಲಿನ ತೆಂಗಿನಕಾಯಿ ಹೊರಗೆ ನೋಡಲು ಹಾಗೇ ಇದ್ದು, ಒಳಗೆ ನೀರು ಇಂಗಿ ಇಂಗಿ, ಅಲುಗಿಸಿದರೆ ಒಣಕೊಬ್ಬರಿಯ ಗಿಟುಕು ಗಡಗಡ ಎನ್ನುವುದಿಲ್ಲವೇ, ಹಾಗಿತ್ತು ಅವಳ ಸ್ಥಿತಿ. ಯಾರಾದರೂ ಬಂದು “ನಿಮ್ಮ ತಂಗಿ ಪುಣ್ಯವಂತೆ ಕಣ್ರೀ” ಎಂದರೆ “ಹೌದು, ಜಾಗ ಆರಿಸಿಕೊಟ್ಟಿದ್ದು ನಾನೇ” ಎನ್ನುವಳು. ಅವರು ಹೋದ ಮೇಲೆ, ಕಲ್ಲಮ್ಮ ಆ ಗುಡ್ಡದ ಮೇಲೆ ಮೊಣಕಾಲು ಹಿಡಿದುಕೊಂಡು ಕೂತಿರುವುದನ್ನೂ ದೂರದಲ್ಲಿ ಸಮುದ್ರ ಒಂದು ಗೆರೆಯಂತೆ ಕಾಣುವುದನ್ನೂ ಕಣ್ಣ ಮುಂದೆ ತಂದುಕೊಳ್ಳುವಳು. ಸುಖವೆನಿಸುತ್ತಿತ್ತು. ಆ ಸುಖದ ಬೆನ್ನಿಗೇ ಅನ್ನ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಲ್ಲಮ್ಮ ಮತ್ತೆ ಬಂದಳು. ಈ ಸಲ ನಾಲ್ಕು ಇಂಗ್ಲಿಷು ಮಾತು ಕಲಿಯುವುದಕ್ಕೆ. ಅಕ್ಕಿ ಆರಿಸುತ್ತ ದ್ರಾಕ್ಷಾಯಣಮ್ಮ ಹೇಳಿಕೊಟ್ಟಳು. ಉಪ್ಪು ಅಂದರೆ ಸಾಲ್ಟು, ಮೊಸರು ಅಂದರೆ ಕರ್ಡು, ಬಿಸಿನೀರು ಅಂದರೆ ಹಾಟ್ ವಾಟರು. ಕಲ್ಲಮ್ಮ ಒಂದೊಂದನ್ನೂ ಬಾಯಲ್ಲಿ ಹೊರಳಿಸಿ ನಕ್ಕಳು. ಆಮೇಲೆ ಕೇಳಿದಳು:

“‘ಸಮುದ್ರ ಎಷ್ಟು ದೂರ’ ಅಂತ ಹೆಂಗೆ ಕೇಳೋದು?”

ದ್ರಾಕ್ಷಾಯಣಮ್ಮನ ಕೈ ಮೊರದ ಮೇಲೆ ನಿಂತಿತು. “ಅದನ್ಯಾಕೆ ಕೇಳ್ಬೇಕು ನೀನು?”

“ಮಗ್ಗುಲಲ್ಲೇ ಐತೆ ಅಂದ್ಯಲ್ಲ, ಆದ್ರೂ ಎದ್ದ ತಕ್ಷಣ ಯಾವ ಕಡೆ ಹೋಗ್ಬೇಕು ಅಂತ ಗೊತ್ತಾಗಬ್ಯಾಡ್ವಾ? ಅಲ್ಲಿ ಆ ಮನೆ ಕೊಡೋರನ್ನ ಕೇಳ್ತೀನಿ.”

“ಹೌ ಫಾರ್ ಈಸ್ ದಿ ಸೀ.”

“ಹೌ ಪಾರೀಸ್ ದಿ ಸೀ.” ಕಲ್ಲಮ್ಮ ಅದನ್ನು ಬಿಡಲಿಲ್ಲ. ಕಾಫಿ ಕುಡಿಯುತ್ತ ಹೇಳಿದಳು, ಹೂ ಮುಡಿಯುತ್ತ ಹೇಳಿದಳು, ಬಸ್ ಸ್ಟ್ಯಾಂಡಿನವರೆಗೂ ಕುಂಟುತ್ತ ಹೇಳಿಕೊಂಡೇ ನಡೆದಳು. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಹಾಕಿ ಪರೀಕ್ಷೆ ಪಾಸಾದವಳ ಹಾಗೆ ಕೂಗಿದಳು: “ಅಕ್ಕಾ! ಹೌ ಪಾರೀಸ್ ದಿ ಸೀ!” ಬಸ್ಸಿನವರೆಲ್ಲ ನಕ್ಕರು.

ದ್ರಾಕ್ಷಾಯಣಮ್ಮ ಬಸ್ಸಿನ ಧೂಳಿನಲ್ಲೇ ನಿಂತಿದ್ದಳು. ತಂಗಿ ಅಲ್ಲಿ ಆ ಮನೆಯ ಬಾಗಿಲಲ್ಲಿ ನಿಂತು ಇದೇ ಮುಖ ಹೊತ್ತು, ತಾನು ಕಲಿಸಿದ ಇದೇ ಮಾತಿನಲ್ಲಿ ಕೇಳುತ್ತಾಳೆ. ಅವರು ಉತ್ತರ ಹೇಳುತ್ತಾರೆ. ಆಗ ಆ ಮುಖ ಏನಾಗುತ್ತದೆ? ಇಷ್ಟು ದಿನ ಕಲ್ಪಿಸಿಕೊಂಡದ್ದರಲ್ಲಿ ಕಲ್ಲಮ್ಮನ ಮೊಣಕಾಲು ಇತ್ತು, ಗುಡ್ಡ ಇತ್ತು. ಮುಖ ಒಂದು ಇರಲಿಲ್ಲ.

ಬೆಳಗಾಗುತ್ತಲೇ, ಗಂಡ ಮಂಡಿಗೆ ಹೋದ ಬೆನ್ನಿಗೆ ಅವಳು ಕಿಬ್ಬನಹಳ್ಳಿ ಕ್ರಾಸಿಗೆ ಹೋದಳು. ಕಲ್ಲಮ್ಮ ರವಿಕೆ ಹೊಲಿಸಲು ತುರುವೇಕೆರೆಗೆ ಹೋಗಿದ್ದಳು. ಅಂಗಡಿಯ ಮುಂದೆ ಬಿಚ್ಚಿ ಹರವಿದ ಎಂಜಿನ್ನಿನ ನಡುವೆ ಶಂಭುಲಿಂಗಯ್ಯ ಕುಕ್ಕರುಗಾಲಲ್ಲಿ ಕೂತಿದ್ದ. ಅವಳನ್ನು ಕಂಡು ಗಡಿಬಿಡಿಯಿಂದ ಎದ್ದು ಸ್ಟೂಲು ಒರೆಸಿ ಕೊಟ್ಟ.

“ಆ ಪುಸ್ತಕ ಓದೋದ್ರಲ್ಲಿ ನನ್ನಿಂದ ತಪ್ಪಾಗಿದೆ” ಎಂದಳು ದ್ರಾಕ್ಷಾಯಣಮ್ಮ, ಕೂರದೆಯೇ. “ಆ ಮನೆ ಸಮುದ್ರದಿಂದ ಬಹಳ ದೂರ. ಅವಳ ಕಾಲಿಗೆ ಆಗೋದಲ್ಲ. ಹೋಟ್ಲಲ್ಲಿ ನಮ್ಮ ಊಟಾನೂ ಮಾಡಿಕೊಡ್ತಾರೆ.”

ಶಂಭುಲಿಂಗಯ್ಯ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. “ನೀವು ತಪ್ಪು ಓದೋರಲ್ಲ ಅಕ್ಕಾವ್ರೇ” ಎಂದ. ಹಂಗಿಸುವ ದನಿ ಇರಲಿಲ್ಲ. ಅವಳು ತಲೆ ತಗ್ಗಿಸಿದಳು. “ನಾನಾಗ್ಲೇ ಕಾಗದ ಕಳ್ಸಿಬಿಟ್ಟೆ. ಬೊಂಬಾಯಿಗೆ ಟ್ರಂಕ್ ಕಾಲ್ ಮಾಡ್ಬೇಕು. ನನಗೆ ಅವರ ಮಾತು ಬರಲ್ಲ. ನೀವೇ ಮಾತಾಡ್ಬೇಕು.”

ಗಂಡನ ಮಂಡಿಯಲ್ಲಿ ಫೋನಿತ್ತು, ಆದರೆ ಅಲ್ಲಿ ಕೂತು ಈ ಮಾತಾಡುವಂತಿರಲಿಲ್ಲ. ಇಬ್ಬರೂ ತಿಪಟೂರಿನ ಪೋಸ್ಟಾಫೀಸಿಗೆ ಬಂದು, ಕಾಲ್ ಬುಕ್ ಮಾಡಿ, ಬೆಂಚಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತರು. ಲೈನು ಸಿಗಲು ತಡವಾಯಿತು. ಅವನು ಹೊರಗೆ ಹೋಗಿ ಒಂದು ಎಳನೀರು ತಂದುಕೊಟ್ಟ. ಉಗುರಿನ ಸಂದಿಯಲ್ಲಿ ಗ್ರೀಸು ಈಗಲೂ ಇತ್ತು. ಹೆಂಡತಿ ಅಲೆಯ ಸದ್ದು ಕೇಳಲೆಂದು ಒಂದು ದಿನದ ವ್ಯಾಪಾರ ಮುಚ್ಚಿ ಬಂದಿದ್ದಾನೆ. ಎಳನೀರನ್ನು ಅವಳು ಕುಡಿಯದೆ ಬೆಂಚಿನ ಕೆಳಗಿಟ್ಟಳು. ತಂಗಿಯ ಇಟಲಿಗಿಂತ ಹೆಚ್ಚಾಗಿ ಆ ಘಳಿಗೆಯಲ್ಲಿ ಅವಳಿಗೆ ಹೊಟ್ಟೆ ಉರಿದದ್ದು ತಂಗಿಯ ಈ ಗಂಡನನ್ನು ಕಂಡು.

ಲೈನು ಸಿಕ್ಕಿತು. ಬೊಂಬಾಯಿಯ ಆಫೀಸಿನವನ ಇಂಗ್ಲಿಷು ಗರಗರ ಸದ್ದಿನ ನಡುವೆ ಬಂತು. ಅವಳು ಮೊದಲು ತೊದಲಿ, ಆಮೇಲೆ ಹದಕ್ಕೆ ಬಂದು ವಿಷಯ ಹೇಳಿದಳು. ಹೋಟೆಲಿಗೆ ಬದಲಾಯಿಸಬಹುದು ಎಂದ ಅವನು. ಎರಡು ರೂಮು ಉಳಿದಿವೆ, ಒಂದು ಹಿಂದುಗಡೆ ರಸ್ತೆಯ ಕಡೆ, ಇನ್ನೊಂದು ಸಮುದ್ರದ ಕಡೆ. ಯಾವುದು ಬೇಕು?

ದ್ರಾಕ್ಷಾಯಣಮ್ಮ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಪಕ್ಕದಲ್ಲಿ ನಿಂತಿದ್ದ ಶಂಭುಲಿಂಗಯ್ಯನಿಗೆ ಒಂದು ಅಕ್ಷರ ಅರ್ಥವಾಗುತ್ತಿರಲಿಲ್ಲ. ರಸ್ತೆಯ ಕಡೆ ಎಂದರೂ ಯಾರೂ ಕೇಳುವವರಿಲ್ಲ. ಹೋಟೆಲಂತೂ ಕೊಡಿಸಿದ್ದಾಯಿತು, ಇದೊಂದಾದರೂ ಉಳಿಯಲಿ ಎಂದು ಮನಸ್ಸಿನ ಒಂದು ಮೂಲೆ ಗೋಗರೆಯಿತು.

“ಹಲೋ? ಹಲೋ?” ಎಂದ ಆ ಕಡೆಯವನು.

“ಸೀ” ಎಂದಳು. ಕೇಳಿಸಲಿಲ್ಲವೆಂದ. “ಸೀ! ಸೀ ಸೈಡ್!” ಎಂದು ಪೋಸ್ಟಾಫೀಸೆಲ್ಲ ತಿರುಗಿ ನೋಡುವಂತೆ ಕಿರುಚಿ ಫೋನಿಟ್ಟಳು.

“ಏನಂದ್ರು?”

“ಸಮುದ್ರದ ಕಡೆ ರೂಮು ಸಿಕ್ತು. ಬಾಲ್ಕನಿ ಇರೋದು.”

ಶಂಭುಲಿಂಗಯ್ಯ ಕೈ ಮುಗಿದ. “ಕಂಪನಿಯೋರೇ ಬದಲಾಯಿಸಿದ್ರು ಅಂತ ಕಲ್ಲಮ್ಮಂಗೆ ಹೇಳ್ತೀನಿ. ಮಿಕ್ಕಿದ್ದು ನಾನು ಹೇಳಲ್ಲ” ಎಂದು ಹೇಳಿ ಬಸ್ಸಿಗೆ ಹೊರಟುಹೋದ.

ಒಳ್ಳೆಯ ಕೆಲಸ ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ದ್ರಾಕ್ಷಾಯಣಮ್ಮನಿಗೆ ಹಾಗಾಗಲಿಲ್ಲ. ಕಲ್ಲಮ್ಮ ಹೊರಟ ಮೇಲೆ ಉರಿ ಇಮ್ಮಡಿಯಾಯಿತು. ಮೊದಲಾದರೆ ಗುಡ್ಡದ ಮೇಲೆ ಕೂರಿಸಿ ಸಮಾಧಾನಪಡಬಹುದಿತ್ತು. ಈಗ ಕಲ್ಲಮ್ಮ ಬಾಲ್ಕನಿಯಲ್ಲಿದ್ದಳು. ರೊಟ್ಟಿ ತಟ್ಟುವಾಗಲೂ ಬಾಲ್ಕನಿ, ಬಟ್ಟೆ ಹಿಂಡುವಾಗಲೂ ಬಾಲ್ಕನಿ. ಅಲ್ಲಿಗೆ ಅವಳನ್ನು ಕೈಯಾರೆ ಏರಿಸಿದವಳು ತಾನೇ.

“ಯಾಕೆ, ಮೈಯಲ್ಲಿ ಹುಷಾರಿಲ್ವಾ?” ಎಂದು ತೋಂಟದಾರ್ಯ ಕೇಳಿದ. “ಇಲ್ಲ” ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೋದ.

ಅವರು ಹಿಂದಿರುಗಿದ ವಾರ ಗಂಡಹೆಂಡಿರಿಬ್ಬರೂ ತಿಪಟೂರಿಗೆ ಬಂದರು. ಅಕ್ಕಪಕ್ಕದವರೆಲ್ಲ ನಡುಮನೆಯಲ್ಲಿ ತುಂಬಿದರು. ಕಲ್ಲಮ್ಮ ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದಳು, ಮೂಗಿನ ತುದಿ ಸುಲಿದಿತ್ತು. ಅಕ್ಕನಿಗೆಂದು ಘಮಘಮಿಸುವ ಸೋಪು, ಭಾವನಿಗೆಂದು ಯಾವುದೋ ಕಾಯಿಯ ಹಸಿರು ಎಣ್ಣೆಯ ಬಾಟಲಿ ತಂದಿದ್ದಳು. ತೋಂಟದಾರ್ಯ ಮೂಸಿ ನೋಡಿ, “ನಮ್ಮ ಕೊಬ್ಬರಿ ಎಣ್ಣೆ ಮುಂದೆ ನಿಲ್ಲಲ್ಲ ಬಿಡಮ್ಮ” ಎಂದ.

“ಊಟದ್ದೊಂದೇ ಪಾಡು ಕಣಕ್ಕ” ಎಂದು ಕಲ್ಲಮ್ಮ ಶುರುಮಾಡಿದಳು. “ಬರೀ ಬ್ರೆಡ್ಡು, ಬೇಯಿಸಿದ ಹಿಟ್ಟಿನ ಕೊಳವೆ. ನಮ್ ಜೊತೆ ಬಂದಿದ್ದ ದಾವಣಗೆರೆ ಡೀಲರು, ಅವರ ಹೆಂಡ್ತಿ, ನೀನು ಮೊದ್ಲು ಗುರುತು ಹಾಕಿದ್ಯಲ್ಲ, ಆ ಮನೇಲಿದ್ರು. ದಿನಾ ಅನ್ನ ಸಾರು ಮಾಡ್ಕಂಡು ಉಂಡ್ರಂತೆ. ಅಲ್ಲೇ ಇದ್ದಿದ್ರೆ ಆಗ್ತಿತ್ತೇನೋ ಅನ್ನಿಸ್ತು.”

ದ್ರಾಕ್ಷಾಯಣಮ್ಮನಿಗೆ ಸಣ್ಣಗೆ ಖುಷಿಯಾಯಿತು. ಆದರೆ ಕಲ್ಲಮ್ಮ ಮುಂದುವರಿಸಿದಳು: “ಆದ್ರೆ ಆ ಸದ್ದು! ಬಾಗಿಲು ತೆಗ್ದು ಮಲಗಿದ್ರೆ ಯಾರೋ ಪಕ್ಕದಾಗೆ ಉಸಿರಾಡ್ದಂಗೆ. ಇವರು ಬೆಳಿಗ್ಗೆ ನನ್ ಕೈ ಹಿಡ್ಕಂಡು ನೀರಿಗಿಳಿಸಿದ್ರು…”

ದ್ರಾಕ್ಷಾಯಣಮ್ಮ ಎದ್ದು ಅಡುಗೆಮನೆಗೆ ಹೋದಳು. ಕಲ್ಲಮ್ಮ ಮಾತು ಬಿಟ್ಟು ಹಿಂದೆಯೇ ಬಂದಳು.

“ಯಾಕಕ್ಕ ಎದ್ದು ಬಂದೆ?”

“ಹೊಟ್ಟೆ ಉರೀತೈತೆ ಕಣೇ.”

“ಮಜ್ಜಿಗೆಗೆ ಒಂಚೂರು ಇಂಗು ಹಾಕ್ಕೊಂಡು ಕುಡಿ.”

“ಆ ಉರಿ ಅಲ್ಲ.” ದ್ರಾಕ್ಷಾಯಣಮ್ಮ ಒಲೆಯ ಕಡೆ ಮುಖ ಮಾಡಿಯೇ ಹೇಳಿದಳು. “ಆ ಮನೆ ಸಮುದ್ರದಿಂದ ಏಳು ಕಿಲೋಮೀಟ್ರು. ಪುಸ್ತಕದಲ್ಲಿ ಬರೆದಿತ್ತು. ಓದಿ, ಗೊತ್ತಿದ್ದೇ ಗುರುತು ಹಾಕಿದೆ. ಕಂಪನಿಯೋರು ಬದಲಾಯಿಸಲಿಲ್ಲ. ಆಮೇಲೆ ನಾನೇ ಫೋನ್ ಮಾಡಿ ಬದಲಾಯಿಸಿದ್ದು.”

ಹೊರಗೆ ಯಾರೋ ನಕ್ಕರು. ಕಲ್ಲಮ್ಮ ಗೋಡೆ ಹಿಡಿದುಕೊಂಡಳು.

“ನನ್ ಕಾಲು ಹಿಂಗಿರೋದು ಗೊತ್ತಿದ್ದೂ?”

“ಗೊತ್ತಿದ್ದೂ.”

“ಅವ್ವ ಮಲಗಿದಾಗ ನನ್ನ ಸ್ಕೂಲು ಬಿಡ್ಸಿದ್ರು. ನೀನು ಉಟ್ಟು ಹಳೇದಾದ್ಮೇಲೆ ನನಗೆ ಲಂಗ. ನೀನು ಬೇಡ ಅಂದ್ಮೇಲೆ ನನಗೆ ಗಂಡ. ನನಗೆ ಉರೀಲಿಲ್ಲ ಅಂದ್ಕೊಂಡ್ಯಾ? ಎಷ್ಟು ಉರೀತು ಅಂತ ಆ ಶಿವನಿಗೇ ಗೊತ್ತು. ಆದ್ರೆ ನಿನ್ ದಾರಿಗೆ ನಾನು ಒಂದು ಮುಳ್ಳು ಹಾಕ್ಲಿಲ್ಲ ಕಣಕ್ಕ.”

“ಹಾಕಿದ್ದ ಮುಳ್ಳು ನಾನೇ ತೆಗ್ದೆನಲ್ಲ…”

“ತೆಗ್ದೆ ಅಂತ ಹಾರ ಹಾಕ್ಬೇಕಾ?” ಎಂದಳು ಕಲ್ಲಮ್ಮ. ಎಲೆ ಹಾಕಿದ್ದರೂ ಕೂರಲಿಲ್ಲ. ಗಂಡನನ್ನು ಎಬ್ಬಿಸಿಕೊಂಡು ಹೊರಟೇಹೋದಳು. ಬಡಿಸಿದ ಹೋಳಿಗೆಯನ್ನು ದ್ರಾಕ್ಷಾಯಣಮ್ಮ ಎಲೆಯ ಸಮೇತ ಎತ್ತಿ ಹಿತ್ತಲಿನ ಎಮ್ಮೆಯ ಮುಂದಿಟ್ಟಳು.

ಶ್ರಾವಣ ಬಂತು. ಪ್ರತಿ ವರ್ಷ ಮೊದಲ ಸೋಮವಾರ ತಪ್ಪದೆ ಬರುತ್ತಿದ್ದ ತಂಗಿ ಬರಲಿಲ್ಲ. ತಾನೇ ಹೋಗಲು ದ್ರಾಕ್ಷಾಯಣಮ್ಮನಿಗೆ ಕಾಲು ಏಳಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನವರೆಗೂ ಹೋಗಿ ತರಕಾರಿ ಕೊಂಡು ವಾಪಸ್ಸಾದಳು. ಸೋಪಿನ ಕಾಗದ ಬಿಚ್ಚಿರಲಿಲ್ಲ. ಆದರೂ ಬೀರು ತೆರೆದಾಗಲೆಲ್ಲ ಅದರ ವಾಸನೆ ಹೊರಗೆ ಬರುತ್ತಿತ್ತು.

ಶ್ರಾವಣ ಕಳೆಯುವ ಹೊತ್ತಿಗೆ, ಒಂದು ಮೋಡದ ಬೆಳಿಗ್ಗೆ, ಬಾಗಿಲಲ್ಲಿ ಕಲ್ಲಮ್ಮ ನಿಂತಿದ್ದಳು. ಒಳಗೆ ಬಾ ಎನ್ನುವ ಮೊದಲೇ ಬಂದು, ತೂಗುಮಂಚದ ಮೇಲೆ ಕೂತು, ಮೊಣಕಾಲು ನೀವಿಕೊಂಡಳು. ಮುಖ ಇನ್ನೂ ಬಿಗಿಯಾಗಿಯೇ ಇತ್ತು.

“ಬೆಂಗಳೂರಿಂದ ಫೋಟೋ ತೊಳ್ಸಿ ಬಂದವೆ. ಊರೆಲ್ಲ ನೋಡ್ತು. ನಿನಗೊಬ್ಬಳಿಗೆ ತೋರ್ಸದೆ ಇದ್ರೆ ನನಗೇ ಗಂಟಲಲ್ಲಿ ಏನೋ ಸಿಕ್ಕಂಡಂಗೆ ಆಗ್ತೈತೆ.” ಕವರನ್ನು ಮಡಿಲಲ್ಲೇ ಇಟ್ಟುಕೊಂಡು ಕೇಳಿದಳು: “ನೋಡ್ತೀಯಾ? ಉರಿಯಂಗಿದ್ರೆ ಬ್ಯಾಡ ಬುಡು.”

“ಉರೀತದೆ” ಎಂದಳು ದ್ರಾಕ್ಷಾಯಣಮ್ಮ. “ತೋರ್ಸು.”

ಪಕ್ಕದಲ್ಲಿ ಕೂತಳು. ಮೊದಲನೆಯದರಲ್ಲಿ ಬಾಲ್ಕನಿ. ಎರಡನೆಯದರಲ್ಲಿ ಕಲ್ಲಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಬಾಯಿ ತೆರೆದು ನಗುತ್ತ ನಿಂತಿದ್ದಳು, ಫೋಟೋ ತೆಗೆದವನ ನೆರಳು ಮರಳಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ದ್ರಾಕ್ಷಾಯಣಮ್ಮನಿಗೆ ಕಣ್ಣು ಕಿತ್ತು ಬರುವಷ್ಟು ಉರಿಯಿತು.

“ಇದು ಬೆಳಿಗ್ಗೆನಾ, ಸಾಯಂಕಾಲನಾ?” ಎಂದು ಕೇಳಿದಳು.

“ಬೆಳಿಗ್ಗೆ. ಆವತ್ತು ನೀರು ತಣ್ಣಗಿತ್ತು” ಎಂದು ಹೇಳಿ ಕಲ್ಲಮ್ಮ ಮುಂದಿನ ಫೋಟೋ ಅವಳ ಕೈಗಿಟ್ಟಳು.